ಅರ್ಧ ಕೆಟಲ್

ಆರು ವಾರ,
ಅರ್ಧ ತುಂಬಿದ ಕೆಟಲ್‌ಗಿಂತ ಭಾರದ್ದೇನನ್ನೂ ಎತ್ತಕೂಡದು.
ನರ್ಸಮ್ಮ ಕೊಟ್ಟ ಹಾಳೆಯಲ್ಲಿ ಹೀಗೇ ಇದೆ.
ಕಮಲಾಕ್ಷಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ
ಬಾಡಿಗೆ ಕರಾರಿನ ಹಾಗೆ.

"ಹುಲ್ಲುಕಡ್ಡಿ ಎತ್ತಿಡೋಲ್ಲ ಈ ಮನುಷ್ಯ ಅಂತ
ಇಷ್ಟು ವರ್ಷ ನಾನೇ ಹೇಳ್ತಿದ್ದೆ,
ಈಗ ಸರ್ಕಾರವೇ ಬರೆದುಕೊಟ್ಟಿದೆ" ಅಂದು
ಮಧ್ಯಾಹ್ನದ ಪಾಳಿಗೆ ಹೊರಟಳು,
ಆಸ್ಪತ್ರೆಯ ಲಾಂಡ್ರಿಗೆ.
ನಾನು ಮಲಗಿದ್ದ ಹಾಸಿಗೆಯ ಬಟ್ಟೆಯನ್ನೂ ಅವಳೇ ಒಗೆದಿರಬೇಕು,
ಕೇಳಲಿಲ್ಲ.

ನಾನು,
ಡಾಂಕಾಸ್ಟರಿನ ಹದಿನೇಳು ಬೀದಿಗಳಿಗೆ
ಒಂಬತ್ತು ವರ್ಷ ಪಾರ್ಸೆಲ್ ಹೊತ್ತವನು,
ಹೊರುವುದರಲ್ಲಿ ಎತ್ತಿದ ಕೈ,
ಸಿಂಕಿನ ಮುಂದೆ ಕೂಸಿಗೆ ಔಷಧಿ ಅಳೆಯುವವನಂತೆ
ಗೆರೆ ನೋಡಿ ನೀರು ಹಿಡಿಯುತ್ತೇನೆ.

ಒಳಗೆ ಬಲೆ ಇಟ್ಟಿದ್ದಾರಂತೆ, ಅಂಗೈ ಅಗಲದ್ದು.
ಡಾಕ್ಟರು ಹೇಳುವಾಗ ನನ್ನ ಕಣ್ಣಿಗೆ ಬಂದದ್ದು
ಕಿಟಕಿಯ ಸೊಳ್ಳೆಪರದೆ.
ಇದು ಸೊಳ್ಳೆ ಒಳಗೆ ಬರದ ಹಾಗಲ್ಲ,
ಕರುಳು ಹೊರಗೆ ಹೋಗದ ಹಾಗೆ.
ಸುತ್ತಲಿನ ಚರ್ಮ ಮೊದಲು ಬದನೇಕಾಯಿ, ಆಮೇಲೆ ಅರಿಶಿನ.
ಇವತ್ತು ಹನ್ನೊಂದನೇ ದಿನ.

ಕಿಟಕಿಯ ಆಚೆ ನನ್ನ ವ್ಯಾನು ಬಂತು.
ಓಡಿಸುವವನು ಕೀರನ್, ಇಪ್ಪತ್ತೆರಡರ ಹುಡುಗ.
ಹದಿನಾಲ್ಕನೇ ನಂಬರಿನವರದು ವೈನು,
ಡಬ್ಬ ಕುಲುಕಿದರೆ ಗೊತ್ತು;
ಮೂಲೆಮನೆಯವರದು ಷೂ, ನಾಳೆ ವಾಪಸು ಹೋಗುತ್ತದೆ.
ಕೀರನ್ ಸೊಂಟದಿಂದ ಬಗ್ಗುತ್ತಾನೆ,
ಮಂಡಿಯಿಂದಲ್ಲ.
ಗಾಜು ಬಡಿದೆ. ಮಂಡಿ, ಮಂಡಿ ಎಂದು
ನನ್ನದನ್ನೇ ತಟ್ಟಿ ತೋರಿಸಿದೆ.
ಅವನು ನಕ್ಕು ಕೈ ಬೀಸಿ ಹೋದ.

ಆಪರೇಷನ್ನಿನ ಹಿಂದಿನ ದಿನ
ಶೆಫೀಲ್ಡಿನಿಂದ ತಂದ ಇಪ್ಪತ್ತು ಕಿಲೋ ಅಕ್ಕಿ
ಇನ್ನೂ ಕಾರಿನ ಡಿಕ್ಕಿಯಲ್ಲೇ ಇದೆ.
ಕಮಲಾಕ್ಷಿಯ ಬೆನ್ನಿಗೆ ಲಾಂಡ್ರಿಯ ಮೂಟೆಗಳೇ ಸಾಕು.
ದಿನಾ ಸಂಜೆ ಇಂಚರ ಪಾತ್ರೆ ಹಿಡಿದು ಹೋಗುತ್ತಾಳೆ
ಬಾವಿಗೆ ಹೋದ ಹಾಗೆ,
ಎರಡು ಪಾವು ತುಂಬಿಕೊಂಡು
ಚೆಲ್ಲದಂತೆ ಹೆಜ್ಜೆ ಎಣಿಸಿ ಬರುತ್ತಾಳೆ.

ಇವತ್ತು ಅವಳ ಹಿಂದೆ ಮೌರೀನ್ ಬಂದಳು.
ಪಕ್ಕದ ಮನೆಯವಳು, ಎಪ್ಪತ್ತನಾಲ್ಕು.
ಮೂಟೆ ಸೊಂಟದ ಮೇಲಿದೆ,
ಅತ್ತು ಸುಸ್ತಾದ ಮಗುವನ್ನು ಎತ್ತಿಕೊಂಡ ಹಾಗೆ.
"ಎಲ್ಲಿಡಲಿ ಮಗಾ?"
ಕಾಯಲಿಲ್ಲ, ಒಲೆಯ ಪಕ್ಕ ಇಟ್ಟೇಬಿಟ್ಟಳು.
ಏದುಸಿರೂ ಇಲ್ಲ.

ನಾಲ್ಕು ವರ್ಷ ಇವಳ ಬೆಕ್ಕಿನ ಮರಳಿನ ಚೀಲ,
ವಾರಕ್ಕೊಂದು, ಹದಿನೈದು ಕಿಲೋ,
ಪಾಪ ಮುದುಕಿ ಅಂತ
ಅಡುಗೆಮನೆಯ ತನಕ ಹೊತ್ತು ಇಟ್ಟಿದ್ದೆ.

"ಹಾಗಾದರೆ ಅದು?" ಅಂದೆ.
ಮೌರೀನ್ ಕೋಟು ಕೊಡವಿಕೊಂಡಳು.
"ಉಳಿದವರೆಲ್ಲ ಬಾಗಿಲಲ್ಲೇ ಎಸೆದು ಹೋಗ್ತಾರೆ.
ನೀನು ಬೆಕ್ಕಿನ ಹೆಸರು ಹಿಡಿದು ಕೂಗ್ತಿದ್ದೆ."

ಹೊಟ್ಟೆ ಹುಣ್ಣಾಗುವಂತೆ ನಕ್ಕೆ ಅನ್ನುತ್ತಾರಲ್ಲ,
ನನಗೆ ಹುಣ್ಣು ಮೊದಲು, ನಗು ಆಮೇಲೆ.
ಇಂಚರ ಓಡಿ ದಿಂಬು ತಂದಳು,
ನಗುವಾಗ, ಕೆಮ್ಮುವಾಗ ಒತ್ತಿ ಹಿಡಿಯಬೇಕಾದದ್ದು.
ಅದನ್ನು ಅವುಚಿಕೊಂಡು
ನಗಲೂ ಆಗದೆ ಬಿಡಲೂ ಆಗದೆ ಕೂತೆ.

ಅರ್ಧ ಕೆಟಲ್ಲಿಗೆ ಎರಡು ಲೋಟ ಚಹಾ ಆಗುತ್ತದೆ.
ಇಂಚರಳ ನೂಡಲ್ಸಿಗೆ ಮತ್ತೆ ನೀರು ಹಿಡಿದೆ.
ಮೌರೀನ್ ಬೆಕ್ಕಿನ ಹಲ್ಲಿನ ಕಥೆ ಹೇಳಿದಳು,
ಉದ್ದ ಕಥೆ, ಕೊನೆ ಗೊತ್ತಾಗಲಿಲ್ಲ,
ಕತ್ತಲಾಯಿತು.

ರಾತ್ರಿ ಕಮಲಾಕ್ಷಿ ಷೂ ಬಿಚ್ಚುತ್ತ
ಒಲೆಯ ಪಕ್ಕದ ಮೂಟೆ ನೋಡಿದಳು,
ಫ್ರಿಜ್ಜಿನ ಮೇಲಿನ ಹಾಳೆ ನೋಡಿದಳು,
ನನ್ನನ್ನು ನೋಡಿದಳು.
"ಯಾರು ಎತ್ತಿದ್ದು ಇದನ್ನ?"

ನಾನು ದಿಂಬಿಗಾಗಿ ತಡಕಾಡಿದೆ.